ಕೋಣಕ್ಕೆ ಕಾಯ್ದೆಯಿದೆ, ಜೀಪಿಗಿಲ್ಲ

ಕೆಸರುಗದ್ದೆಯಲ್ಲಿ ಕೋಣ ಓಡಿಸುವುದಕ್ಕೆ ಕರ್ನಾಟಕದಲ್ಲಿ ಕಾಯ್ದೆಯಿದೆ. ಕಂಬಳ ಇನ್ನು ನಿಂತೇಹೋಯಿತು ಎನ್ನುವಂತಾದಾಗ 2017ರಲ್ಲಿ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿ ಸರಿಯೋ ತಪ್ಪೋ, ಜಗಳ ಯಾವುದರ ಬಗ್ಗೆ ಎಂಬುದಾದರೂ ಕಾಗದದ ಮೇಲೆ ಇತ್ತು. ಅದೇ ರಾಜ್ಯದ ಮಲೆನಾಡಿನಲ್ಲಿ ಒಂದೂವರೆ, ಎರಡು ಟನ್ ತೂಗುವ ಫೋರ್ ಬೈ ಫೋರ್ ಗಾಡಿಗಳು ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಸಾಲುಗಟ್ಟಿ ಗುಡ್ಡ ಹತ್ತುತ್ತವೆ, ಹಳ್ಳಕ್ಕಿಳಿಯುತ್ತವೆ. ಆಫ್‌ರೋಡಿಂಗ್ ಎನ್ನುವ ಈ ಆಟಕ್ಕೆಂದೇ ಬರೆದ ಕಾಯ್ದೆ ನಮ್ಮಲ್ಲಿಲ್ಲ.

ಇಷ್ಟು ಹೇಳಿದರೆ ಸಾಕು, ಉತ್ತರ ಸಿದ್ಧವಾಗಿರುತ್ತದೆ. "ಇನ್ನೊಂದು ಕಾನೂನು ಯಾಕೆ ಮಾರಾಯ್ರೇ? ಇರುವ ಕಾನೂನೇ ಬೇಕಾದಷ್ಟಿದೆ. ಜಾರಿ ಮಾಡುವವರಿಲ್ಲ, ಅಷ್ಟೆ." ಅಧಿಕಾರಿಗಳು ಹೇಳುವುದು ಇದನ್ನೇ, ಪತ್ರಿಕೆಗಳು ಬರೆಯುವುದು ಇದನ್ನೇ. ಜೀಪು ಕ್ಲಬ್ಬಿನವರು ನಗುತ್ತಾ ಒಪ್ಪುತ್ತಾರೆ, ಪರಿಸರ ಹೋರಾಟಗಾರರು ಸಿಟ್ಟಿನಿಂದ ಒಪ್ಪುತ್ತಾರೆ. ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದೇ ಮಾತಿಗೆ ತಲೆಯಾಡಿಸುತ್ತಿದ್ದರೆ ಆ ಮಾತಿನಿಂದ ಯಾರಿಗೂ ತೊಂದರೆಯಿಲ್ಲ ಎಂದೇ ಅರ್ಥ. ಈ ವಿಷಯದಲ್ಲಿ ಅದು ಶುದ್ಧ ಸುಳ್ಳು ಕೂಡ. ಬೇಕಾದಷ್ಟಿದೆ ಎನ್ನುವ ಆ ಕಾನೂನುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲನೆಯದು 1988ರ ಮೋಟಾರು ವಾಹನ ಕಾಯ್ದೆ. ಅದರ ಕಣ್ಣು ಇರುವುದು ರಸ್ತೆಯ ಮೇಲೆ. ಮೋಟಾರು ವಾಹನವೆಂದರೆ ರಸ್ತೆಯಲ್ಲಿ ಬಳಸಲು ತಕ್ಕಂತೆ ಮಾಡಿದ ಯಂತ್ರಚಾಲಿತ ವಾಹನ ಎಂದೇ ಅದರ ವ್ಯಾಖ್ಯೆ ಶುರುವಾಗುತ್ತದೆ. ರಿಸಾರ್ಟಿನ ಅಂಗಳದಲ್ಲಿ ಬಾಡಿಗೆಗೆ ಬಿಡುವ ದಪ್ಪ ಟೈರಿನ ಎಟಿವಿಯನ್ನು ರಸ್ತೆಗೆಂದು ಮಾಡಿದ್ದಲ್ಲ. ಹಾಗಾಗಿ ಅದಕ್ಕೆ ನಂಬರ್ ಪ್ಲೇಟಿಲ್ಲ, ಹತ್ತು ವರ್ಷದ ಹುಡುಗ ಏರಿ ಕುಳಿತರೂ ಲೈಸೆನ್ಸ್ ಕೇಳುವವರಿಲ್ಲ. ಅಪಾಯಕಾರಿ ಚಾಲನೆಗೆ ಸೆಕ್ಷನ್ 184 ಇದೆಯಲ್ಲ ಎನ್ನುತ್ತಾರೆ. ಇದೆ. ಮೊದಲ ಸಲದ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ. ಆದರೆ ಅಪಾಯ ಆಗಬೇಕಾದದ್ದು ಸಾರ್ವಜನಿಕರಿಗೆ. ಜನರೇ ಇಲ್ಲದ ಬೋಳುಗುಡ್ಡದಲ್ಲಿ ಯಾರಿಗೆ ಅಪಾಯ ಎಂದು ತೋರಿಸುತ್ತೀರಿ? ಪಂದ್ಯಗಳಿಗೆ ಸೆಕ್ಷನ್ 189. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಗಾಡಿಗಳ ಓಟದ ಪಂದ್ಯವನ್ನೋ ವೇಗದ ಪರೀಕ್ಷೆಯನ್ನೋ ನಡೆಸಬಾರದು ಎನ್ನುತ್ತದೆ ಅದು. ಆಫ್‌ರೋಡ್ ಗಾಡಿಗೆ ವೇಗ ಬೇಕಾಗಿಯೇ ಇಲ್ಲ. ನಡೆಯುವ ಮನುಷ್ಯನಿಗಿಂತ ನಿಧಾನವಾಗಿ, ಚಕ್ರ ಗರಗರ ತಿರುಗಿಸುತ್ತಾ ಇಳಿಜಾರು ಹತ್ತುವುದೇ ಅಲ್ಲಿನ ಗಮ್ಮತ್ತು. ಅದೂ ಯಾರದೋ ಕಾಫಿ ತೋಟದೊಳಗೆ ನಡೆದರೆ ಸಾರ್ವಜನಿಕ ಸ್ಥಳವೇ ಅಲ್ಲ ಎಂದು ವಕೀಲರು ಎದ್ದು ನಿಲ್ಲುತ್ತಾರೆ. ಉಳಿದದ್ದು ಸೆಕ್ಷನ್ 52. ಗಾಡಿಯ ಮೂಲ ರೂಪ ಬದಲಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಒಳ್ಳೆಯದೇ. ಆದರೆ ಶೋರೂಮಿನಿಂದ ತಂದ ಹಾಗೆಯೇ ಇರುವ ಗಾಡಿಯೂ ನೆನೆದ ಗುಡ್ಡವನ್ನು ಸೀಳಬಲ್ಲದು. ಆರ್‌ಟಿಓಗೆ ಕಾಣುವುದು ಟೈರಿನ ಅಳತೆ, ಟೈರಿನ ಕೆಳಗಿನ ಮಣ್ಣಲ್ಲ.

ಹಿಮಾಚಲ ಪ್ರದೇಶದಲ್ಲಿ 2023ರ ಡಿಸೆಂಬರ್‌ನಲ್ಲಿ ಏನಾಯಿತು ನೆನಪಿರಬಹುದು. ಲಾಹೌಲ್ ಕಣಿವೆಯಲ್ಲಿ ಟ್ರಾಫಿಕ್ ಜಾಮ್ ತಪ್ಪಿಸಲು ಒಬ್ಬಾತ ಗಾಡಿಯನ್ನು ಸೀದಾ ಚಂದ್ರಾ ನದಿಗಿಳಿಸಿದ. ವಿಡಿಯೋ ಊರೆಲ್ಲ ಸುತ್ತಿತು. ಪೊಲೀಸರು ಹಾಕಿದ್ದು ಮೋಟಾರು ವಾಹನ ಕಾಯ್ದೆಯ ಚಲನ್. ನದಿಯೊಳಗೆ ಗಾಡಿ ಓಡಿಸಿದ್ದಕ್ಕೆ ರಸ್ತೆಯ ಕಾನೂನು!

ಎರಡನೆಯದು ಅರಣ್ಯದ ಕಾನೂನು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 24ಕ್ಕೆ ಬಲವಿದೆ, ಕಾಯ್ದಿಟ್ಟ ಅರಣ್ಯದೊಳಗೆ ಅತಿಕ್ರಮವಾಗಿ ನುಗ್ಗಿದವರ ಮೇಲೆ ಕೇಸು ಹಾಕಬಹುದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಮೂಕಾಂಬಿಕಾ ವನ್ಯಜೀವಿ ಧಾಮದೊಳಗಿನ ಕೊಡಚಾದ್ರಿಗೆ ಹೋಗುವ ಜೀಪುಗಳನ್ನು ಗೇಟಿನಲ್ಲಿ ನಿಲ್ಲಿಸಲು, ಲೆಕ್ಕವಿಡಲು ಸಾಧ್ಯವಾಗುವುದು ಇಂಥ ಕಾನೂನಿನಿಂದಲೇ. ಆದರೆ ಮಲೆನಾಡು ಎಂದರೆ ಕಾಯ್ದಿಟ್ಟ ಅರಣ್ಯ ಮಾತ್ರವೇ? ಗೋಮಾಳವಿದೆ, ಕಾನು ಇದೆ, ಸೊಪ್ಪಿನಬೆಟ್ಟವಿದೆ, ಕೊಡಗಿನಲ್ಲಿ ಜಮ್ಮಾ ಬಾಣೆಯಿದೆ, ತೋಟದ ತಲೆಗೆ ತಾಗಿದ ಕಂದಾಯ ಭೂಮಿಯಿದೆ. ರಾಜ್ಯ ಸರ್ಕಾರ 2022ರಲ್ಲಿ ಡೀಮ್ಡ್ ಅರಣ್ಯದ ಪಟ್ಟಿಯನ್ನು ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ಊರು, ಗದ್ದೆ, ಶಾಲೆಗಳೆಲ್ಲ ಆ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದವಾದ್ದರಿಂದ ಇಳಿಸಿದ್ದಕ್ಕೆ ಕಾರಣವಿತ್ತು, ಆ ತಕರಾರು ಇಲ್ಲಿ ಬೇಡ. ಆದರೆ ಪಟ್ಟಿಯಿಂದ ಹೊರಬಂದ ಜಾಗದಲ್ಲಿ ಗುಡ್ಡವೂ ಇದೆ, ಹಳ್ಳವೂ ಇದೆ. ಅಲ್ಲಿಗೆ ಗಾಡಿ ಹತ್ತಿದರೆ ಫಾರೆಸ್ಟಿನವರು ಕಂದಾಯ ಇಲಾಖೆಯನ್ನು ತೋರಿಸುತ್ತಾರೆ, ಕಂದಾಯದವರು ಪೊಲೀಸರನ್ನು ತೋರಿಸುತ್ತಾರೆ, ಪೊಲೀಸರು ಆರ್‌ಟಿಓ ಕಡೆ ಕೈ ಮಾಡುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಆಫ್‌ರೋಡ್ ತಂಡಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ದಡ್ಡರಲ್ಲ. ಕಾನೂನು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಅವರ ಟ್ರೈಲ್ ಶುರು.

ಹಾಳಾಗುವುದಾದರೂ ಏನು ಎಂದು ಕೇಳುವವರಿಗೆ ಮಳೆಗಾಲದ ಹುಲ್ಲುಗುಡ್ಡವನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಘಟ್ಟದ ನೆತ್ತಿಯಲ್ಲಿ ಹುಲ್ಲಿನ ಬೇರು ಹಿಡಿದಿಟ್ಟುಕೊಂಡ ಮಣ್ಣು ಅನೇಕ ಕಡೆ ತೆಳು, ಕೆಳಗೆ ಬಂಡೆ. ಮೊದಲ ಗಾಡಿ ಹತ್ತಿದಾಗ ಹುಲ್ಲು ಮಲಗುತ್ತದೆ, ಅಷ್ಟೆ. ಎರಡನೆಯದು ಅದೇ ಜಾಡಿನಲ್ಲಿ ಹೋದಾಗ ಬೇರು ಹರಿಯುತ್ತದೆ. ಮೂರನೆಯದರ ಚಕ್ರ ನಿಂತಲ್ಲೇ ತಿರುಗಿ ಕೆಂಪು ಮಣ್ಣು ಹಿಂದಕ್ಕೆ ಚಿಮ್ಮುತ್ತದೆ. ನಾಲ್ಕನೆಯವನು ಆ ಗುಂಡಿ ತಪ್ಪಿಸಲು ಪಕ್ಕದಲ್ಲಿ ಹೊಸ ಜಾಡು ಹಿಡಿಯುತ್ತಾನೆ. ಸಿಕ್ಕಿಬಿದ್ದ ಗಾಡಿ ಎಳೆಯಲು ವಿಂಚ್ ಕಟ್ಟುವುದು ಹತ್ತಿರದ ಮರಕ್ಕೆ. ಪಟ್ಟಿ ಹಾಕದೆ ಬರೀ ಕೇಬಲ್ ಸುತ್ತಿದರೆ ತೊಗಟೆ ಸುಲಿದು ಬರುತ್ತದೆ. ಸಂಜೆಗೆ ಎಲ್ಲರೂ ಗಾಡಿ ತೊಳೆದು ಬೆಂಗಳೂರಿಗೆ ಹೊರಡುತ್ತಾರೆ, ಮಳೆ ಮಾತ್ರ ಅಲ್ಲೇ ಇರುತ್ತದೆ. ಮೂರು, ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಸೀಮೆಯಲ್ಲಿ ಇಳಿಜಾರಿನ ಉದ್ದಕ್ಕೆ ಎರಡು ಗೀರು ಎಳೆದುಕೊಟ್ಟರೆ ನೀರಿಗೆ ಇನ್ನೇನು ಬೇಕು? ದೀಪಾವಳಿಯ ಹೊತ್ತಿಗೆ ಆ ಗೀರು ಮೊಣಕಾಲುದ್ದದ ಕೊರಕಲು.

ಆ ಕೊರಕಲಿನ ಮಣ್ಣು ಗಾಳಿಯಲ್ಲಿ ಮಾಯವಾಗುವುದಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆಯಿರುತ್ತದೆ. ಬೋರ್‌ವೆಲ್ಲಿಲ್ಲ, ಪಂಚಾಯಿತಿ ನಲ್ಲಿಯಿಲ್ಲ. ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಹರಿದುಬರುವ ಅಬ್ಬಿ ನೀರೇ ಕುಡಿಯಲು, ಬಚ್ಚಲಿಗೆ, ದನಕ್ಕೆ. ಪೈಪಿನ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಭಾನುವಾರ ಸಂಜೆ ಕೆಸರು ತುಂಬಿರುತ್ತದೆ, ಸೋಮವಾರ ಬೆಳಿಗ್ಗೆ ನೀರು ನಿಂತಿರುತ್ತದೆ. ಅಡಿಕೆ ತೋಟದ ಬಸಿಗಾಲುವೆಗೆ ಮಣ್ಣು ಬಂದು ಕೂತರೆ ಎತ್ತಿಸಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಡಬೇಕಾದವರು ಮನೆಯವರೇ. ಈ ಮನೆಯಾಕೆ ಠಾಣೆಗೆ ಹೋಗಿ ದೂರು ಕೊಟ್ಟರೆ ಬರಹಗಾರ ಯಾವ ಸೆಕ್ಷನ್ ಬರೆಯಬೇಕು? ನೀರು ಮಾಲಿನ್ಯಕ್ಕೆ 1974ರ ಕಾಯ್ದೆಯಿದೆಯಲ್ಲ ಎಂದರೆ, ಅದು ಕಾರ್ಖಾನೆಯ ಹೊಲಸನ್ನು, ಊರಿನ ಚರಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಭೂಕಂದಾಯ ಕಾಯ್ದೆಯ ಸೆಕ್ಷನ್ 67ರ ಪ್ರಕಾರ ಹಳ್ಳ, ತೊರೆಗಳೆಲ್ಲ ಸರ್ಕಾರದ ಆಸ್ತಿ. ಆಸ್ತಿ ತನ್ನದು ಎಂದು ಬರೆದುಕೊಂಡ ಸರ್ಕಾರ ಅದರೊಳಗೆ ಗಾಡಿ ಓಡಿಸಬಹುದೋ ಬಾರದೋ ಎಂದು ಬರೆದಿಲ್ಲ. ಇದನ್ನು ಜಾರಿಯ ಸೋಲು ಎನ್ನುವುದು ಹೇಗೆ? ಜಾರಿ ಮಾಡಲು ಏನಾದರೂ ಇರಬೇಕಲ್ಲ.

ಹಳ್ಳದೊಳಗೆ ಮನುಷ್ಯರ ಲೆಕ್ಕಕ್ಕೆ ಬಾರದವರೂ ಇದ್ದಾರೆ. ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಒಂದು ಇರುಳುಗಪ್ಪೆಯನ್ನು ಹೊಸ ಪ್ರಭೇದವೆಂದು ಗುರುತಿಸಿ ಕುಂಬಾರ ಕಪ್ಪೆ ಎಂದು ಹೆಸರಿಟ್ಟರು. ಮಳೆಗಾಲದಲ್ಲಿ ಹೆಣ್ಣು ತೊರೆಯ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡು ತಳದ ಕೆಸರನ್ನು ಮುಂಗೈಯಲ್ಲಿ ಬಾಚಿ ತಂದು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಎಲ್ಲ ಹಳ್ಳದಲ್ಲೂ ಕುಂಬಾರ ಕಪ್ಪೆ ಇರುತ್ತದೆಂದಲ್ಲ. ಆದರೆ ಮೊಣಕಾಲುದ್ದ ನೀರಿನ ತೊರೆಗಳಲ್ಲಿ ಸಂತಾನ ಬೆಳೆಸುವ ಕಪ್ಪೆಗಳಿಗೂ ನೀರು ಚಿಮ್ಮಿಸಿ ರೀಲ್ಸ್ ಮಾಡುವವರಿಗೂ ಸೀಸನ್ ಒಂದೇ, ಜಾಗವೂ ಒಂದೇ.

ಜಿಲ್ಲಾಧಿಕಾರಿಗಳು ನಿಷೇಧ ಹೊರಡಿಸಬಹುದಲ್ಲ ಎನ್ನುವ ಮಾತೂ ಬರುತ್ತದೆ. ಹೊರಡಿಸಬಹುದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 115ರಲ್ಲಿ ಗಾಡಿಗಳ ಓಡಾಟ ನಿರ್ಬಂಧಿಸುವ ಅಧಿಕಾರವಿದೆ. ಒಂದು ತಿಂಗಳೊಳಗಿನ ನಿರ್ಬಂಧವಾದರೆ ಗೆಜೆಟ್ ಅಧಿಸೂಚನೆಯೂ ಬೇಡ. ಇನ್ನೊಂದು ದಾರಿ ಹಿಂದಿನ 144, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 163. ಸಾಮಾನ್ಯವಾಗಿ ಅದರ ಆಯಸ್ಸು ಎರಡು ತಿಂಗಳು. ಮಳೆಯ ಜೊತೆ ಹುಟ್ಟಿ ಮಳೆಯ ಜೊತೆ ಸಾಯುವ ಇಂಥ ಆದೇಶಗಳಿಗೆ ಬೆನ್ನೆಲುಬು ಎಷ್ಟಿರುತ್ತದೆ ಎಂಬುದನ್ನು ಬಂಡೀಪುರ ನೋಡಿ ತಿಳಿಯಬೇಕು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಇದೇ ಸೆಕ್ಷನ್ 115 ಬಳಸಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದರು. ಆದೇಶ ಬಾಳಿದ್ದು ಒಂದು ವಾರ, ಒತ್ತಡ ಬಂದ ಮೇಲೆ ಹಿಂದೆಗೆದುಕೊಂಡರು. ಆ ರಾತ್ರಿ ನಿರ್ಬಂಧ ಇಂದಿಗೂ ಉಳಿದಿದ್ದರೆ ಹೈಕೋರ್ಟ್ ಮಧ್ಯೆ ಬಂದು 2010ರ ಮಾರ್ಚ್‌ನಲ್ಲಿ ಎತ್ತಿಹಿಡಿದದ್ದರಿಂದ. ಹುಲಿ ಮೀಸಲು ಪ್ರದೇಶದ ನಡುವಿನ ಹೆದ್ದಾರಿಯ ಕಥೆಯೇ ಹೀಗಾದರೆ ಹೆಸರಿಲ್ಲದ ಗೋಮಾಳದ ಮೇಲಿನ ಆದೇಶಕ್ಕೆ ಯಾವ ಗತಿ?

ಕಾನೂನಿನ ಈ ಕೊರತೆಯ ಪೆಟ್ಟು ಬೀಳುವುದು ಯಾರ ಮೇಲೆ ಎಂಬುದನ್ನೂ ನೋಡಬೇಕು. ಹಳೆಯ ಬಿಳಿ ಬೋರ್ಡಿನ ಜೀಪಿನಲ್ಲಿ ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ದು ಮನೆ ನಡೆಸುವ ಸ್ಥಳೀಯ ಡ್ರೈವರನ ಮೇಲೆ ಕೇಸು ಸಲೀಸು. ಪರ್ಮಿಟ್ ಇಲ್ಲ, ಎಫ್‌ಸಿ ಮುಗಿದಿದೆ, ಆಳು ಜಾಸ್ತಿ ತುಂಬಿದ್ದಾನೆ: ಎಲ್ಲಕ್ಕೂ ಸೆಕ್ಷನ್ ಇದೆ. ಅವನೋ ಇರುವ ಒಂದೇ ಜಾಡಿನಲ್ಲಿ ಹೋಗಿ ಬರುವವನು, ಗುಂಡಿ ಬಿದ್ದರೆ ಕಲ್ಲು ತುಂಬಿಸುವವನು, ಯಾಕೆಂದರೆ ನಾಳೆಯೂ ಅದೇ ದಾರಿಯಲ್ಲಿ ಹೋಗಬೇಕು. ಇಪ್ಪತ್ತು ಲಕ್ಷದ ಗಾಡಿಯಲ್ಲಿ ಬಂದು ಹೊಸ ಜಾಡು ಸೀಳಿ ಹೋಗುವವನ ಕಾಗದಪತ್ರ ಮಾತ್ರ ಅಚ್ಚುಕಟ್ಟು. ಅವನನ್ನು ಹಿಡಿದು ನಿಲ್ಲಿಸಿದ ಗಾರ್ಡು ಕೊನೆಗೆ ಸಾರ್ ಎಂದು ಕರೆದು ಕಳಿಸಿಕೊಡಬೇಕಾಗುತ್ತದೆ.

ಕ್ಲಬ್ಬಿನವರ ವಾದಕ್ಕೂ ಉತ್ತರ ಕೊಡಬೇಕು. ನಮಗೆ ನಾವೇ ನಿಯಮ ಹಾಕಿಕೊಂಡಿದ್ದೇವೆ, ಕಸ ಹೊತ್ತು ತರುತ್ತೇವೆ ಎನ್ನುತ್ತಾರೆ. 2018ರ ಪ್ರವಾಹದಲ್ಲಿ ಕೊಡಗಿನಲ್ಲಿ, ಕೇರಳದಲ್ಲಿ ಫೋರ್ ಬೈ ಫೋರ್ ಗಾಡಿಗಳವರು ಹಗಲಿರುಳು ದುಡಿದದ್ದು ನಿಜ, ಅದಕ್ಕೆ ಕೈ ಮುಗಿಯೋಣ. ಆದರೆ ಪ್ರವಾಹದಲ್ಲಿ ಜನರನ್ನು ಉಳಿಸಿದ್ದು ಉಳಿದ ವರ್ಷವೆಲ್ಲ ಗುಡ್ಡ ಕೀಳಲು ರಹದಾರಿಯಲ್ಲ. ಸ್ವಯಂನಿಯಮ ಪಾಲಿಸುವ ತಂಡಗಳಿಗೇ ಈಗ ಹೆಚ್ಚು ನಷ್ಟ. ಅವರು ಹೋಗದೆ ಬಿಟ್ಟ ಹಳ್ಳಕ್ಕೆ ಮರುದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸೇರಿಕೊಂಡ ನಲವತ್ತು ಗಾಡಿ ಇಳಿಯುತ್ತವೆ. ದೇಶದ ಮೋಟಾರು ಕ್ರೀಡೆಯ ಒಕ್ಕೂಟ ಎಫ್‌ಎಂಎಸ್‌ಸಿಐ ನೋಡಿಕೊಳ್ಳುವುದು ಕ್ರೀಡೆಯನ್ನು. ಹಳ್ಳ ನೋಡಿಕೊಳ್ಳುವುದು ಅದರ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ.

ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಪರಿಸರದವರ ಅಂಜಿಕೆಯನ್ನು ಮಾತ್ರ. ಕಾನೂನು ಮಾಡಿದರೆ ಆಟಕ್ಕೆ ಮುದ್ರೆ ಒತ್ತಿದಂತಾಗುತ್ತದೆ, ಇಂದು ಕದ್ದು ನಡೆಯುವುದು ನಾಳೆ ಹಕ್ಕಾಗುತ್ತದೆ ಎನ್ನುತ್ತಾರೆ. ಇದಕ್ಕೆ ಕ್ಯಾಲಿಫೋರ್ನಿಯಾಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಅಲ್ಲಿ 1971ರಲ್ಲೇ, ರೊನಾಲ್ಡ್ ರೇಗನ್ ಗವರ್ನರ್ ಆಗಿದ್ದಾಗ, ಆಫ್‌ರೋಡ್ ಗಾಡಿಗಳಿಗೆಂದೇ ರಾಜ್ಯದ ಕಾಯ್ದೆ ಬಂತು. ರಸ್ತೆಗಿಳಿಯದ ಗಾಡಿಗೂ ನೋಂದಣಿ ಬೇಕು. ಎಕ್ಸಾಸ್ಟ್‌ನಿಂದ ಕಿಡಿ ಹಾರದಂತೆ ತಡೆ ಬೇಕು. 1986ರಿಂದೀಚಿನ ಗಾಡಿಗಳ ಸದ್ದು 96 ಡೆಸಿಬೆಲ್ ಮೀರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಆಟಕ್ಕೆಂದು ರಾಜ್ಯವೇ ತೆರೆದ ಪಾರ್ಕುಗಳಲ್ಲಿ ಮಣ್ಣು ಇಂತಿಷ್ಟು ಸ್ಥಿತಿಯಲ್ಲಿರಬೇಕೆಂಬ ಮಾನದಂಡವಿದೆ. ಯಾವುದಾದರೂ ಭಾಗ ಅದಕ್ಕಿಂತ ಕೆಳಗಿಳಿದರೆ ಸರಿಯಾಗುವವರೆಗೆ ಅಲ್ಲಿ ಗಾಡಿ ಓಡಿಸುವಂತಿಲ್ಲ. ಮಣ್ಣಿನ ಹೆಸರಿನಲ್ಲಿ ಮುಚ್ಚಲು ಕಾನೂನಿನಲ್ಲೇ ಜಾಗ!

ಆದರೆ ಅದೇ ಕಾಯ್ದೆ ಒಂದು ದೊಡ್ಡ ತಪ್ಪನ್ನೂ ಮಾಡಿತು. ನೋಂದಣಿ ಶುಲ್ಕ, ಗೇಟಿನ ಹಣ, ಇಂಧನ ತೆರಿಗೆಯ ಪಾಲು ಎಲ್ಲವೂ ಈ ಆಟ ನಡೆಸುವ ನಿಧಿಗೇ ವಾಪಸು ಹೋಗುವಂತೆ ಬರೆಯಿತು. ನಿಯಂತ್ರಿಸಬೇಕಾದ ವಿಭಾಗ ಬರಬರುತ್ತಾ ಆತಿಥೇಯನಾಯಿತು. ಸಮುದ್ರ ತೀರದ ಓಷಿಯಾನೊ ಮರಳುಗುಡ್ಡಗಳಲ್ಲಿ ಏಳುವ ಧೂಳು ಪಕ್ಕದ ನಿಪೋಮೊ ಊರಿನವರ ಮೂಗಿಗೆ ಬಡಿದು, ಅಲ್ಲಿನ ವಾಯುಮಾಲಿನ್ಯ ಮಂಡಳಿ 2011ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಅದೇ ಮರಳಿನಲ್ಲಿ ಗೂಡು ಕಟ್ಟುವ ಹಿಮಗೊರವ ಎಂಬ ಪುಟ್ಟ ಹಕ್ಕಿ 1993ರಿಂದ ಅಪಾಯದ ಪಟ್ಟಿಯಲ್ಲಿದೆ. 2021ರ ಮಾರ್ಚ್‌ನಲ್ಲಿ ಕರಾವಳಿ ಆಯೋಗ ಮೂರು ವರ್ಷದೊಳಗೆ ಅಲ್ಲಿ ಗಾಡಿ ನಿಲ್ಲಿಸಿ ಎಂದರೆ ಗಾಡಿಯವರ ಸಂಘಗಳು ಕೋರ್ಟಿಗೆ ಹೋದವು.

ಇದನ್ನು ಓದಿ ಕಾನೂನೇ ಬೇಡ ಎನ್ನುವುದು ತಲೆನೋವಿಗೆ ತಲೆ ಕೊಯ್ದಂತೆ. ಆ ಜಗಳ ಸಾಧ್ಯವಾದದ್ದೇ ಅಲ್ಲಿ ಕಾಯ್ದೆಯಿದ್ದುದರಿಂದ. ಯಾವ ಜಾಗ, ಯಾರ ಹೊಣೆ, ಯಾವ ಮಿತಿ ಎಂಬುದು ಬರಹದಲ್ಲಿತ್ತು, ಮೀರಿದ್ದನ್ನು ಬೆರಳಿಟ್ಟು ತೋರಿಸಬಹುದಿತ್ತು. ನಮ್ಮಲ್ಲಿ ಮಿತಿಯೇ ಇಲ್ಲ, ಮೀರಿದ್ದಾರೆಂದು ಹೇಳುವುದು ಹೇಗೆ? ಹಕ್ಕಾಗಿಬಿಡುತ್ತದೆ ಎಂಬ ಭಯವೂ ತಲೆಕೆಳಗು. ನಿಷೇಧವಿಲ್ಲದ ಜಾಗದಲ್ಲೆಲ್ಲ ಓಡಿಸುವುದು ಇವತ್ತೇ ಅವರ ಹಕ್ಕು.

ಇಂಥ ಕಾಯ್ದೆ ಮಾಡಲು ರಾಜ್ಯಕ್ಕೆ ಅಧಿಕಾರವಿದೆಯೇ ಎಂಬ ಪ್ರಶ್ನೆಯೇ ಏಳದು. ಕ್ರೀಡೆ, ಮನರಂಜನೆ ಸಂವಿಧಾನದ ರಾಜ್ಯಪಟ್ಟಿಯ 33ನೇ ನಮೂದು, ಭೂಮಿ 18ನೆಯದು. ಯಂತ್ರಚಾಲಿತ ವಾಹನಗಳು ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಅಂಕಿತ ಕೇಳಬೇಕಾದೀತು. ಆ ದಾರಿ ವಿಧಾನಸೌಧಕ್ಕೆ ಗೊತ್ತಿರುವುದೇ.

ಆ ಕಾಯ್ದೆಯಲ್ಲಿ ಏನಿರಬೇಕು? ಎಲ್ಲಕ್ಕಿಂತ ಮೊದಲು ಈಗಿನ ಲೆಕ್ಕವನ್ನು ತಿರುಗಿಸಬೇಕು. ಈಗ ಮುಚ್ಚಿದೆ ಎಂದು ಎಲ್ಲಿ ಬರೆದಿಲ್ಲವೋ ಅದೆಲ್ಲ ತೆರೆದಿದೆ. ಅಮೆರಿಕದ ಅರಣ್ಯ ಸೇವೆಯೂ ಬಹಳ ಕಾಲ ಹಾಗೆಯೇ ನಡೆದು, 2005ರಲ್ಲಿ ನಿಯಮ ಬದಲಿಸಿತು. ನಕ್ಷೆಯಲ್ಲಿ ತೆರೆದಿದೆ ಎಂದು ಗುರುತಿಸಿದ ದಾರಿ ಬಿಟ್ಟು ಉಳಿದದ್ದೆಲ್ಲ ಗಾಡಿಗೆ ಮುಚ್ಚಿದೆ ಎಂದಿತು. ನಮಗೂ ಅದೇ ಬೇಕು, ಖಾಸಗಿ ತೋಟಕ್ಕೂ ಅನ್ವಯಿಸಬೇಕು. ನೀರು ಬೇಲಿ ನೋಡಿ ಹರಿಯುವುದಿಲ್ಲವಾದ್ದರಿಂದ ನನ್ನ ಜಾಗ ನನ್ನ ಇಷ್ಟ ಎನ್ನುವ ಮಾತು ಇಳಿಜಾರಿನಲ್ಲಿ ನಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲುಗುಡ್ಡ ಮತ್ತು ಹಳ್ಳ ಪೂರ್ತಿ ಬಂದ್ ಆಗಬೇಕು. ಆಟದ ಮಜಾ ಇರುವುದೇ ಆಗ ಎಂದು ಕೂಗೆದ್ದೀತು, ಏಳಲಿ. ಎಟಿವಿಗೂ ನಂಬರ್ ಬೇಕು. ಬಾಡಿಗೆ ಜೀಪಿನವರಿಗೆ ಅವರ ಹಳೆಯ ಜಾಡಿನಲ್ಲೇ ಪರ್ಮಿಟ್ ಕೊಟ್ಟು ಅವರನ್ನು ಈ ಕಾನೂನಿನ ಒಳಗೆ ತರಬೇಕು.

ಹಣದ ವಿಚಾರದಲ್ಲಿ ಮಾತ್ರ ಕ್ಯಾಲಿಫೋರ್ನಿಯಾದ ತಪ್ಪು ಮಾಡಬಾರದು. ಶುಲ್ಕವಾಗಲಿ ದಂಡವಾಗಲಿ ಪ್ರವಾಸೋದ್ಯಮ ಇಲಾಖೆಗೆ ಹೋಗಕೂಡದು, ಹೋದ ಮರುವರ್ಷವೇ ಜಾಹೀರಾತು ಶುರುವಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಕಾಗದದ ಮೇಲೆ ಮಲಗಿದೆ. ಟ್ರೈಲ್ ತೆರೆಯಲು, ಮುಚ್ಚಲು ಅದರ ಒಪ್ಪಿಗೆಯೇ ಕೊನೆ ಎಂದು ಬರೆದರೆ ಎದ್ದು ಕೂತೀತು. ಪಂದ್ಯ ನಡೆಸುವವರು ಮೊದಲೇ ಆ ಸಮಿತಿಯಲ್ಲಿ ಠೇವಣಿ ಇಡಬೇಕು, ಗುಡ್ಡದ ಬುಡದಲ್ಲಿ ಯಾರ ಪೈಪಿಗೆ ಕೆಸರು ತುಂಬಿದರೂ ಸಾಕ್ಷಿ, ಪುರಾವೆ ಎಂದು ಅಲೆಸದೆ ಅದರಿಂದಲೇ ದುರಸ್ತಿ ಆಗಬೇಕು. ಈ ಒಂದು ಕಲಂ ಮೊದಲು ಬರೆಯಲಿ, ಡೆಸಿಬೆಲ್, ಟೈರು, ಸ್ಟಿಕ್ಕರ್‌ಗಳ ಚರ್ಚೆ ಆಮೇಲೆ ಎಷ್ಟು ದಿನ ಬೇಕಾದರೂ ನಡೆಯಲಿ.